ಬನಿಯನ್‌ನಲ್ಲಿ ಜೀವಂತ

ಶಾಮಲಾ: ನಾಕು ತಿಂಗಳ ಶಾರ್ಜಾದಾಗ ಇದ್ದು ಬಂದ್ರ ನೀವು ಸತ್ತಂಗ ಅಂತ ಯಾವ ಸರಕಾರ ಹೇಳೇತ್ರಿ?

ದತ್ತಾತ್ರೇಯ: ಸತ್ತಂಗ ಅಂತ ಹೇಳಂಗಿಲ್ಲ. 'ಬದುಕಿರುವುದು ತಿಳಿದುಬಂದಿಲ್ಲ' ಅಂತ ಬರೀತಾರ. ಎರಡಕ್ಕೂ ಭಾಳ ಫರಕ್ ಐತಿ.

ಶಾಮಲಾ: ಏನ್ ಫರಕು?

ದತ್ತಾತ್ರೇಯ: ನಾ ಸತ್ರ ನಿನಗ ಪೆನ್ಷನ್ನಿನಾಗ ಒಂದು ಪಾಲು ಬರತೈತಿ. ತಿಳಿದುಬರದಿದ್ರ ಯಾರಿಗೂ ಏನೂ ಬರಂಗಿಲ್ಲ.

ಶಾಮಲಾ: ಹಂಗಾದ್ರ ಸಾಯೋದ ಛಲೋ ಅಂದಂಗಾತು.

ತಾರ್ನಾಕದ ಮೊದಲನೇ ಮಹಡಿಯ ಮನೆ. ಭಾನುವಾರದ ಮಧ್ಯಾಹ್ನ. ನಡುಮನೆಯಲ್ಲಿ ಎರಡು ಸೂಟ್‌ಕೇಸುಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ಅವುಗಳ ನಡುವೆ ಕುರ್ಚಿ ಹಾಕಿಕೊಂಡು ದತ್ತಾತ್ರೇಯರಾಯರು ಲುಂಗಿ, ಬನಿಯನ್ ಮೇಲೆ ಕೂತಿದ್ದರು. ಇವರು ಖಜಾನೆ ಕಚೇರಿಯ ಪಿಂಚಣಿ ವಿಭಾಗದಲ್ಲೇ ಇಡೀ ನೌಕರಿ ತಿಂದು ಮುಗಿಸಿದವರು. ನಿವೃತ್ತರು ನವೆಂಬರ್ ಬಂದರೆ ತಾವು ಬದುಕಿದ್ದೇವೆ ಎಂದು ರುಜುವಾತು ಕೊಡಬೇಕಲ್ಲ, ಅದನ್ನು ಒಪ್ಪುವುದೋ ವಾಪಸ್ ಎಸೆಯುವುದೋ ಇವರ ಕೈಯಲ್ಲಿತ್ತು. ಎಸೆದದ್ದೇ ಹೆಚ್ಚು. ಹೊರದೇಶದಲ್ಲಿ ಮಗಳ ಮನೆಗೆ, ಮೊಮ್ಮಗನ ಮನೆಗೆ ಅಂತ ಹೋಗಿ ಕೂತವರನ್ನಂತೂ ಇವರು ಬದುಕಿದ್ದಾರೆ ಎಂದು ಸುಲಭಕ್ಕೆ ನಂಬಿದ್ದೇ ಇಲ್ಲ.

ಈಗ ಅವರೇ ನಿವೃತ್ತರು. ಮಂಗಳವಾರ ರಾತ್ರಿ ಶಾರ್ಜಾಕ್ಕೆ ವಿಮಾನ. ಅಲ್ಲಿ ಶಾಮಲಾಬಾಯಿಯ ತಂಗಿ ಧನಶ್ರೀ ಗಂಡನ ಜೊತೆ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಾಳೆ. ತಾಯಿ ಹೋದ ಮೇಲೆ ಅಕ್ಕನೇ ಜಡೆ ಹಾಕಿ, ಉಣಿಸಿ ಬೆಳೆಸಿದ ತಂಗಿ. ಅವಳ ಮನೆಯ ಹೊಸಿಲನ್ನು ಅಕ್ಕ ಇನ್ನೂ ಕಂಡಿಲ್ಲ. ಹಿಂದೆ ಎರಡು ಸಲ ಟಿಕೆಟ್ ತೆಗೆದು ಎರಡು ಸಲವೂ ರದ್ದು ಮಾಡಿದ್ದಾಯಿತು. ಎರಡು ಸಲವೂ ಇದೇ ಪಿಂಚಣಿಯ ನೆಪ.

ಶಾಮಲಾ: ಗುರುವಾರ ಇಸ್ತ್ರಿ ಅಂಗಿ ಹಾಕ್ಕೊಂಡು, ವಿಭೂತಿ ಹಚ್ಕೊಂಡು ಆಫೀಸಿಗೆ ಹೋದ್ರೆಲ್ಲ. ಅವತ್ತ ಮುಖಾ ತೋರಿಸಿ ಬಂದಿದ್ರ ಈ ಕಟಿಪಿಟಿ ಇರ್ತಿದ್ದಿಲ್ಲ.

ದತ್ತಾತ್ರೇಯ: ಹೇಳೀನಲ್ಲ. ಶರಣಕುಮಾರ ರಜಾದ ಮ್ಯಾಲೆ ಅದಾನ. ಹುಮನಾಬಾದಿನಾಗ ಅವನ ತಮ್ಮನ ಲಗ್ನ. ಬುಧವಾರ ಬರ್ತಾನ.

ಶಾಮಲಾ: ಅಂವ ಇಲ್ಲಾಂದ್ರ ಆ ಸೀಟಿನಾಗ ಇನ್ಯಾರರ ಕುಂತಿರಬೇಕಲ್ಲ?

ದತ್ತಾತ್ರೇಯ: ಕುಂತಿರ್ತಾರ. ಸೀಟಿನಾಗ ಕುಂತೋರೆಲ್ಲಾ ಸೀಟಿನವರಾಗಂಗಿಲ್ಲ.

ಶಾಮಲಾ: ಇದೇನು ಗುಡಿ ಪೂಜಾರಿಕೀನ? ಇಂಥಾ ಮನಿತನದವನ ಮಂಗಳಾರತಿ ಎತ್ತಬೇಕು ಅನ್ನಾಕ?

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. ಎದುರು ಓಣಿಯ ಯಶವಂತ, ಸರಕಾರಿ ಶಾಲೆಯ ನಿವೃತ್ತ ಡ್ರಾಯಿಂಗ್ ಮಾಸ್ತರ, ಬಾಲ್ಯದಿಂದ ರಾಯರ ಗೆಳೆಯ.

ಯಶವಂತ: ವೈನಿ, ಒಳಗ ಯಾರರ ಬದುಕಿದೀರೇನ್ರಿ?

ಶಾಮಲಾ: ನಾ ಒಬ್ಬಾಕಿ ಬದುಕೀನಿ ಬರ್ರಿ ಮಾಸ್ತರ. ಇವರದು ಇನ್ನೂ ತಿಳಿದುಬಂದಿಲ್ಲ.

ಯಶವಂತ: ಯಾಕೋ ದತ್ತಾ, ಗುರುವಾರ ಹೋಗಿದ್ದೆಲ್ಲ?

ದತ್ತಾತ್ರೇಯ: ನೀ ಸುಮ್ಮ ಕೂಡು. ಚಹಾ ಕುಡಿಯಾಕ ಬಂದಿ, ಕುಡಿದು ಹೋಗು.

ಯಶವಂತ: ವೈನಿ, ಶರಣಕುಮಾರ ರಜಾ ಅಂತ ಇಂವ ಹೇಳಿರಬೇಕಲ್ಲ? ಅರ್ಧಾ ಖರೆ. ಉಳಿದರ್ಧಾ ನಾ ಬ್ಯಾಂಕಿನ ಲೈನಿನಾಗ ಕೇಳಿ ಬಂದೀನಿ. ಅವನ ಸೀಟಿನಾಗ ಹೊಸಾ ಹುಡುಗಿ ಒಬ್ಬಾಕಿ ಕುಂತಿದ್ಲಂತ. ಇಂವ ಹೋಗಿ ಎದುರಿಗೆ ನಿಂತ. ಅಕಿ ತಲಿ ಎತ್ತಿ, ತೆಲುಗಿನಾಗ 'ಮೀ ಪೇರು ಚೆಪ್ಪಂಡಿ' ಅಂದ್ಲು.

ಶಾಮಲಾ: ಹೆಸರು ಕೇಳಿದ್ಲು. ಅದರಾಗೇನೈತಿ?

ಯಶವಂತ: ಅದರಾಗ ಎಲ್ಲಾ ಐತಿ. ಇಂವ ಹೆಸರು ಹೇಳಲಿಲ್ಲ. 'ಆ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ ಮೊಳಿ ಹೊಡದಾಂವ ನಾ' ಅಂದನಂತ. ಅಕಿ ಪಾಪ, ಬಡಗ್ಯಾರ ಪೆನ್ಷನ್ ಬ್ಯಾರೆ ಕಡೆ ಅಂತ ಹೇಳಿ ಕಳಿಸ್ಯಾಳ.

ಶಾಮಲಾಬಾಯಿ ಕೈಯಲ್ಲಿದ್ದ ಸ್ವೆಟರನ್ನು ಮಡಚುವುದು ಬಿಟ್ಟು ಗಂಡನನ್ನು ನೋಡಿದರು. ರಾಯರು ಫ್ಯಾನು ನೋಡಿದರು.

ಶಾಮಲಾ: ಖರೇ ಏನ್ರಿ?

ದತ್ತಾತ್ರೇಯ: ಮೂವತ್ತಮೂರು ವರ್ಷ ಆ ಆಫೀಸಿನಾಗ ತಿಕ ಸವಸೀನಿ. ನನಗ ಹೆಸರು ಕೇಳ್ತಾಳ. ನಾ ತಿರುಗಿ ಬಂದೆ.

ಶಾಮಲಾ: ಅಂದ್ರ ನಿಮ್ಮ ಹೆಸರು ಹೇಳಾಕ ನಾಚಿಕಿ ಬಂತು, ಅದಕ್ಕ ನನ್ನ ತಂಗಿ ಮನಿ ತಪ್ಪಬೇಕು.

ದತ್ತಾತ್ರೇಯ: ನಾಚಿಕಿ ಅಲ್ಲ, ಪದ್ಧತಿ.

ಯಶವಂತ: ಪದ್ಧತಿ ಸುದ್ದಿ ನನಗ ಕೇಳ್ರಿ ವೈನಿ. ಮಗಳು ಕುಮುದಾನ ಬಾಣಂತನಕ್ಕ ನಾವು ಮಸ್ಕತ್ತಿಗೆ ಹೋಗಿದ್ವೆಲ್ಲ. ಅಲ್ಲಿ ನಮ್ಮ ರಾಯಭಾರಿ ಕಚೇರಿಗೆ ಹೋಗಿ, ಬಿಸಿಲಾಗ ನಿಂತು, ನಾ ಬದುಕೀನಿ ಅಂತ ಸಹಿ ಮಾಡಿಸಿ ಕಳಿಸಿದೆ. ಇಂವ ವಾಪಸ್ ಕಳಿಸಿದ. ಯಾಕಂದ್ರ ಕಚೇರಿ ಮುದ್ರಿಯ ಸಿಕ್ಕಾ ಸಹಿ ಮ್ಯಾಲೆ ಬಿದ್ದೈತಿ, ಸಹಿ ಕಾಣಂಗಿಲ್ಲ.

ದತ್ತಾತ್ರೇಯ: ಕಾಣತಿದ್ದಿಲ್ಲ.

ಯಶವಂತ: ಮತ್ತ ಹೋಗಿ, ಸಿಕ್ಕಾ ಬಾಜೂಕ ಹೊಡಿಸಿ ಕಳಿಸಿದೆ. ಮತ್ತ ವಾಪಸ್. ಸಿಕ್ಕಾಕ್ಕೂ ಸಹಿಗೂ ಸಂಬಂಧ ಕಾಣಂಗಿಲ್ಲ ಅಂತ.

ದತ್ತಾತ್ರೇಯ: ಇದ್ದಿದ್ದಿಲ್ಲ ಸಂಬಂಧ. ನಡುವ ಎರಡು ಬಟ್ಟು ಜಾಗಾ ಇತ್ತು.

ಯಶವಂತ: ಕಡೀಕ ನಾನ ವಿಮಾನ ಹತ್ತಿ ಬಂದೆ. ಯುಗಾದಿಗೆ ಇದ ಮನಿಯಾಗ, ಇದ ನೆಲದ ಮ್ಯಾಲೆ ಹೋಳಿಗಿ ಉಂಡೆ. ತುಪ್ಪಾ ಹಾಕಿದಾಂವ ಇಂವನ. ಮರುದಿನ ಆಫೀಸಿಗೆ ಹೋಗಿ ನನ್ನ ಫೈಲಿನಾಗ ಏನ್ ಬರದ ಕೇಳ್ರಿ. 'ತಿಳಿದುಬಂದಿಲ್ಲ.'

ದತ್ತಾತ್ರೇಯ: ನೀ ಮನಿಯಾಗ ಉಂಡಿದ್ದು ಆಫೀಸಿಗೆ ಹೆಂಗ ತಿಳೀಬೇಕು? ಮನಿ ಸುದ್ದಿ ಆಫೀಸಿಗೆ ಒಯ್ಯೋ ಮನಷ್ಯಾ ಅಲ್ಲ ನಾ.

ಯಶವಂತ: ಕೇಳಿದ್ರಿಲ್ಲ ವೈನಿ? ತುಪ್ಪಾ ಹಾಕುವಾಗ ನಾ ಬದುಕಿದ್ದೆ, ಸಹಿ ಹಾಕುವಾಗ ಇದ್ದಿದ್ದಿಲ್ಲ.

ಶಾಮಲಾ: ಮಾಸ್ತರ, ನಿಮ್ಮ ಹಳೇ ಸಿಟ್ಟು ಆಮ್ಯಾಲ ತೀರಿಸ್ಕೋರಿ. ಮಂಗಳವಾರ ರಾತ್ರಿ ನಾ ವಿಮಾನದಾಗ ಇರಬೇಕು. ಅದಕ್ಕ ಏನರ ದಾರಿ ಐತೇನು ಹೇಳ್ರಿ.

ಯಶವಂತ: ಐತಲ್ಲ. ಈಗ ಯಾರು ಆಫೀಸಿಗೆ ಹೋಗ್ತಾರ್ರಿ? ಫೋನಿನಾಗ ಮುಖಾ ತೋರಿಸೋದು, ಕಣ್ಣ ಮಿಟಕಿಸೋದು, ಮುಗೀತು. ಇಲ್ಲೇ ತೋರಿಸ್ರಿ, ಶಾರ್ಜಾದಾಗ ಖಾನಾವಳಿ ಒಲಿ ಮುಂದ ಕುಂತು ತೋರಿಸ್ರಿ. ಎಲ್ಲಿ ಅದೀರಿ ಅಂತ ಯಾರೂ ಕೇಳಂಗಿಲ್ಲ. ಅದೀರೋ ಇಲ್ಲೋ ಅಷ್ಟ.

ದತ್ತಾತ್ರೇಯ: ಸುಳ್ಳು.

ಯಶವಂತ: ಹೋದ ವರ್ಷ ನಾ ನಮ್ಮ ಮನಿ ಪಾಯಖಾನಿ ಬಾಗಲಾ ಮುಂದ ನಿಂತು ಮಾಡೀನಿ. ಪೆನ್ಷನ್ ಬಂತು.

ದತ್ತಾತ್ರೇಯ: ಅದಕ್ಕ ಈ ದೇಶ ಹಿಂಗಾಗೇತಿ. ಮೊದಲ ಒಬ್ಬ ಮನಷ್ಯಾ ಬದುಕ್ಯಾನ ಅನ್ನಾಕ ಒಬ್ಬ ಆಫೀಸರ್ ಬೇಕಿತ್ತು. ಅಂವ ಮ್ಯಾಲಿಂದ ಕೆಳಗ ನೋಡ್ತಿದ್ದ. ಕೂಡಸ್ತಿದ್ದ. ಎರಡು ಮಾತು ಕೇಳ್ತಿದ್ದ. ಈಗ ಫೋನು.

ಶಾಮಲಾ: ಮಾಸ್ತರ, ಫೋನ್ ತಗೀರಿ.

ದತ್ತಾತ್ರೇಯ: ನಾ ಮಾಡಂಗಿಲ್ಲ.

ಶಾಮಲಾ: ಮಾಡ್ರಿ, ಇಲ್ಲಾಂದ್ರ ರಾತ್ರಿ ಊಟ ತಿಳಿದುಬರಂಗಿಲ್ಲ.

ಯಶವಂತ ಫೋನು ತೆಗೆದ. ಪಿಂಚಣಿಯ ನಂಬರನ್ನು ರಾಯರು ಮಂತ್ರ ಹೇಳಿದ ಹಾಗೆ ಕಣ್ಣು ಮುಚ್ಚಿ ಹೇಳಿದರು. ನಂಬರು ಹೇಳುವುದರಲ್ಲಿ ಅವರಿಗೆ ಸಿಟ್ಟಿಲ್ಲ.

ದತ್ತಾತ್ರೇಯ: ತಡೀ, ಅಂಗಿ ಹಾಕ್ಕೋತೀನಿ.

ಶಾಮಲಾ: ಅಂಗಿ ಎಲ್ಲಾ ಸೂಟ್‌ಕೇಸಿನ ತಳಕ್ಕ ಹೋಗ್ಯಾವು. ಅದು ಮುಖಾ ಕೇಳೇತಿ, ಅಂಗಿ ಕೇಳಿಲ್ಲ.

ಯಶವಂತ: ಹಾಂ, ಇಲ್ಲಿ ನೋಡು. ಕಣ್ಣ ಮಿಟಕಿಸು ಅಂತ ಬಂತು.

ದತ್ತಾತ್ರೇಯ: ನಾ ಸರಕಾರಕ್ಕ ಕಣ್ಣ ಹೊಡೀಬೇಕೇನು ಈ ವಯಸ್ಸಿನಾಗ?

ಶಾಮಲಾ: ಹೊಡೀರಿ. ಲಗ್ನದಾಗ ನನಗ ಹೊಡೀಲಿಲ್ಲ, ಅದಕ್ಕರ ಹೊಡೀರಿ.

ರಾಯರು ಕಚೇರಿಯ ಗುರುತಿನ ಚೀಟಿಯ ಫೋಟೋಕ್ಕೆ ಕೂತ ಹಾಗೆ ಎದೆ ಸೆಟೆದು, ಎವೆ ಅಲುಗಿಸದೆ ಫೋನನ್ನು ದಿಟ್ಟಿಸಿದರು. ಫೋನು ಒಪ್ಪಲಿಲ್ಲ. ಮತ್ತೊಮ್ಮೆ ಹಿಡಿದಾಗ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತುಬಿಟ್ಟರು.

ಯಶವಂತ: ತಗೀ ಕಣ್ಣ. ಮುಚ್ಚಿದ್ರ ಮುಚ್ಚೇ ಬಿಡ್ತೀಯಲ್ಲ. ಇದು ಬದುಕಿದ್ದಕ್ಕ ರುಜುವಾತು.

ದತ್ತಾತ್ರೇಯ: ತಗದ್ರ ಮುಚ್ಚು ಅಂತೀ, ಮುಚ್ಚಿದ್ರ ತಗೀ ಅಂತೀ. ನಿಮ್ಮ ಶಾಳ್ಯಾಗ ಮಕ್ಕಳು ಡ್ರಾಯಿಂಗ್ ಹೆಂಗ ಕಲತ್ವೋ.

ಯಶವಂತ: ಮುಖಾ ಹೊಂದವಲ್ದು ಅಂತೈತಿ. ಹಳೇ ಫೋಟೋದಾಗ ಸ್ವಲ್ಪ ನಕ್ಕಿದ್ದಿ ಕಾಣತೈತಿ.

ಶಾಮಲಾ: ಅದು ನೌಕರಿ ಪರ್ಮನೆಂಟ್ ಆದಾಗ ತಗಸಿದ್ದಿರಬೇಕು. ಆಮ್ಯಾಲ ನಕ್ಕಿಲ್ಲ. ರೀ, ಒಂದು ಕೆಲಸಾ ಮಾಡ್ರಿ. ಮಾಸ್ತರ ಮಸ್ಕತ್ತಿಂದ ಕಳಿಸಿದ ಕಾಗದಾ ಮತ್ತ ನಿಮ್ಮ ಟೇಬಲ್ಲಿಗೆ ಬಂದೇತಿ ಅಂತ ತಿಳ್ಕೋರಿ.

ರಾಯರ ಮುಖ ಸಡಿಲಾಯಿತು. ತುಟಿಯ ಮೂಲೆಯಲ್ಲಿ ಏನೋ ಅರಳಿತು. ಕಣ್ಣು ತಾನಾಗಿ ಒಮ್ಮೆ ಮಿಟುಕಿತು. ಫೋನು ಟಿಣ್ ಅಂದು ಹಸಿರು ಗುರುತು ತೋರಿಸಿತು.

ಯಶವಂತ: ಆತು. ಬದುಕೀದಿ ನೋಡಪಾ. ಮುಬಾರಕ್.

ಶಾಮಲಾ: ದೇವರು ದೊಡ್ಡಾಂವ. ಧನಶ್ರೀಗೆ ಫೋನ್ ಮಾಡ್ತೀನಿ.

ದತ್ತಾತ್ರೇಯ: ತಡೀರಿ. ಇಷ್ಟನ?

ಯಶವಂತ: ಇಷ್ಟ.

ದತ್ತಾತ್ರೇಯ: ಯಾರೂ ಏನೂ ಕೇಳಲಿಲ್ಲಲ್ಲೋ.

ಯಶವಂತ: ಏನ್ ಕೇಳಬೇಕಿತ್ತು?

ದತ್ತಾತ್ರೇಯ: ಹೆಂಗದೀರಿ ಅಂತರ ಕೇಳಬೇಕಲ್ಲ.

ಆ ಗಳಿಗೆಯಲ್ಲಿ ಅವರನ್ನು ಹಾಗೇ ಬಿಟ್ಟಿದ್ದರೆ ಬಹುಶಃ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಯಶವಂತ ಬಿಡಲಿಲ್ಲ.

ಯಶವಂತ: ಲೈಟಾಗಿ ತಗೋ ಮಾರಾಯಾ. ಒಂದು ಮಿಂಟಿನಾಗ ಆಗೋ ಕೆಲಸಕ್ಕ ನೀ ಮೂವತ್ತಮೂರು ವರ್ಷ ಪಗಾರ ತಗೊಂಡಿ ನೋಡು.

ಅದೇ ಸಾಕಾಯಿತು. ರಾಯರು ಕುರ್ಚಿಯಿಂದ ಎದ್ದು, ತಮ್ಮ ಫೋನು ಹುಡುಕಿ, ಶರಣಕುಮಾರನಿಗೆ ಹಚ್ಚಿದರು. ಶರಣಕುಮಾರ ಇವರ ಕೈಕೆಳಗೇ ಕೆಲಸ ಕಲಿತವನು. ಸ್ಪೀಕರು ಒತ್ತಿದ್ದರಿಂದ ಹುಮನಾಬಾದಿನ ಮದುವೆಯ ಬ್ಯಾಂಡು ತಾರ್ನಾಕದ ನಡುಮನೆಯಲ್ಲಿ ಬಾರಿಸತೊಡಗಿತು.

ಶರಣಕುಮಾರ: ನಮಸ್ಕಾರ್ರಿ ಸಾರ್. ಜೋರಾಗಿ ಹೇಳ್ರಿ, ಇಲ್ಲಿ ಮೆರವಣಿಗಿ ನಡದೈತಿ.

ದತ್ತಾತ್ರೇಯ: ಶರಣಾ, ಒಂದು ರುಜುವಾತು ತಪ್ಪಾಗಿ ಬಂದೇತಿ. ತಕರಾರು ಹಾಕು.

ಶರಣಕುಮಾರ: ಯಾರದ್ರಿ?

ದತ್ತಾತ್ರೇಯ: ನಂದು.

ಶರಣಕುಮಾರ: ಬ್ಯಾಂಡಿನಾಗ ಕೇಳಲಿಲ್ಲ ಸಾರ್. ಯಾರದಂದ್ರಿ?

ದತ್ತಾತ್ರೇಯ: ನಂದು ಅಂದೆ. ದತ್ತಾತ್ರೇಯಂದು. ಈಗ ಫೋನಿನಾಗ ನಾ ಬದುಕೀನಿ ಅಂತ ಆಗೇತಿ.

ಶರಣಕುಮಾರ: ಮತ್ತ ಬದುಕಿಲ್ಲೇನ್ರಿ ಸಾರ್?

ದತ್ತಾತ್ರೇಯ: ಬದುಕೀನೋ. ಬದುಕಿದ್ದು ಬರೋಬರಿ ಐತಿ, ರುಜುವಾತು ಬರೋಬರಿ ಇಲ್ಲ. ಕಾರಣ ಬರಕೋ. ಪಿಂಚಣಿದಾರ ಬನಿಯನ್ ಮ್ಯಾಲಿದ್ದ. ಮುಖಾ ಹೊಂದತಿದ್ದಿಲ್ಲ, ಹೆಂಡ್ತಿ ಹೇಳಿಕೊಟ್ಟು ನಗಿಸಿದ ಮ್ಯಾಲೆ ಹೊಂದಿತು. ನಂಬೋ ಅಂಥಾ ಸಾಕ್ಷಿ ಇದ್ದಿದ್ದಿಲ್ಲ.

ಯಶವಂತ: ನಾ ಇದ್ನೆಲ್ಲೋ.

ದತ್ತಾತ್ರೇಯ: ನಿನ್ನ ಸಾಕ್ಷಿ ನಡಿಯಂಗಿಲ್ಲ. ನೀನ ಒಮ್ಮೆ ತಿಳಿದುಬರದಾಂವ.

ಶರಣಕುಮಾರ: ಸಾರ್, ಸಿಸ್ಟಮ್ ಒಪ್ಪೇತಲ್ರಿ. ಖಾಲಿ-ಪೀಲಿ ಯಾಕ ಪರೇಶಾನ್ ಆಗ್ತೀರಿ? ಅಮ್ಮಾರನ್ನ ಕರ್ಕೊಂಡು ಆರಾಮ ಶಾರ್ಜಾಕ್ಕ ಹೋಗಿ ಬರ್ರಿ.

ಶಾಮಲಾ: ಹಂಗ ಹೇಳಪಾ ನಮ್ಮಪ್ಪಾ.

ದತ್ತಾತ್ರೇಯ: ಆ ಸೀಟಿನಾಗ ಕೂಡೋ ಮನಷ್ಯಾ ಹಿಂಗ ಮಾತಾಡ್ತಾನೇನು? ನಾ ನಿನಗ ಏನ್ ಕಲಿಸೀನಿ?

ಶರಣಕುಮಾರ: ಯಾರ ಮಾರೀನೂ ನೋಡಬಾರದು ಅಂತ ಕಲಿಸೀರಿ.

ದತ್ತಾತ್ರೇಯ: ಮತ್ತ?

ಶರಣಕುಮಾರ: ತಕರಾರು ಹಾಕಿದ್ರ ಪೆನ್ಷನ್ ನಿಲ್ತೈತ್ರಿ. ಮತ್ತ ಖುದ್ದು ಬಂದು ನಿಲ್ಲಬೇಕು. ಫೋನು ನಡಿಯಂಗಿಲ್ಲ. ನಾ ಬುಧವಾರನ ಬರೋದು. ನಿಮ್ಮ ವಿಮಾನ ಮಂಗಳವಾರಲ್ರಿ?

ದತ್ತಾತ್ರೇಯ: ರೂಲ್ ಮೊದಲೋ, ವಿಮಾನ ಮೊದಲೋ?

ಶರಣಕುಮಾರ: ನೀವು ದೊಡ್ಡವರು. ನೀವು ಹೇಳಿದಂಗ. ಆಫೀಸಿನ ಗುಂಪಿನಾಗ ಈಗ ಮೆಸೇಜ್ ಹಾಕ್ತೀನ್ರಿ.

ಫೋನು ಕಟ್ಟಾಯಿತು. ಬ್ಯಾಂಡು ನಿಂತಿತು. ರಾಯರು ಲುಂಗಿ ಬಿಗಿ ಮಾಡಿಕೊಂಡು, ಗೆದ್ದ ಪೈಲವಾನನ ಹಾಗೆ ನಡುಮನೆಯಲ್ಲಿ ಒಂದು ಸುತ್ತು ಹಾಕಿದರು.

ದತ್ತಾತ್ರೇಯ: ನೋಡಿದ್ರಿಲ್ಲ? ಖುದ್ದು ಹಾಜರಾಗಬೇಕು ಅಂದ. ನಾ ಮೊದಲಿಂದ ಅದನ್ನ ಹೇಳಾಕತ್ತೀನಿ.

ಯಶವಂತ: ಭಲೆ. ನಲವತ್ತು ಮಂದಿ ಪೆನ್ಷನ್ ನಿಲ್ಲಿಸಿದ್ದಿ, ನಿಂದೊಂದು ಬಾಕಿ ಇತ್ತು. ಅದೂ ಆತು.

ಶಾಮಲಾಬಾಯಿ ದೊಡ್ಡ ಸೂಟ್‌ಕೇಸಿಗೆ ಕೈ ಹಾಕಿ, ತಳದಿಂದ ಗಂಡನ ಅಂಗಿಗಳನ್ನು ಒಂದೊಂದಾಗಿ ತೆಗೆದು ಅವರ ಕುರ್ಚಿಯ ಮೇಲೆ ಪೇರಿಸತೊಡಗಿದರು. ಪ್ಯಾಂಟು, ಟವೆಲ್ಲು, ಮಂಡಿಗೆ ಹಚ್ಚುವ ಎಣ್ಣೆಯ ಬಾಟಲಿ. ಖಾಲಿಯಾದ ಜಾಗಕ್ಕೆ ಶೇಂಗಾ ಹಿಂಡಿಯ ಡಬ್ಬಿಗಳನ್ನು ಇಳಿಸಿದರು.

ದತ್ತಾತ್ರೇಯ: ಇದೇನಿದು?

ಶಾಮಲಾ: ನಿಮ್ಮ ಅರಿವಿ. ಬುಧವಾರ ಬೇಕಾಗ್ತಾವು.

ದತ್ತಾತ್ರೇಯ: ಮತ್ತ ನೀ?

ಶಾಮಲಾ: ಮಂಗಳವಾರ ಹೊಂಟೀನಿ.

ದತ್ತಾತ್ರೇಯ: ಒಬ್ಬಾಕಿ? ಹೊರದೇಶಕ್ಕ?

ಶಾಮಲಾ: ಯಾಕ, ನನ್ನ ಯಾರು ತಡೀತಾರ? ಒಂದು ದಿನ ಯಾವ ಆಫೀಸಿನವರರ ಬಂದು, ಶಾಮಲಾಬಾಯಿ ನೀ ಬದುಕೀಯೇನವಾ ಅಂತ ಕೇಳ್ಯಾರೇನು? ನನ್ನದು ಎಲ್ಲೂ ತಕರಾರಿಲ್ಲ.

ರಾಯರು ಯಶವಂತನ ಕಡೆ ನೋಡಿದರು. ಯಶವಂತ ಲೋಟದ ತಳದಲ್ಲಿ ಉಳಿದ ಚಹಾ ಕುಡಿಯುವುದರಲ್ಲಿ ಮಗ್ನನಾಗಿದ್ದ. ರಾಯರು ಮತ್ತೆ ಫೋನು ಹಚ್ಚಿದರು. ಈ ಸಲ ಅವರ ಧ್ವನಿ ಸಣ್ಣಗಿತ್ತು, ಸ್ಪೀಕರು ಮಾತ್ರ ಹಾಗೇ ಇತ್ತು.

ದತ್ತಾತ್ರೇಯ: ಶರಣಾ, ಆ ಮೆಸೇಜು... ಸದ್ಯಕ್ಕ ತಡದ್ರ ಹೆಂಗ?

ಶರಣಕುಮಾರ: ಹೋತಲ್ರಿ ಸಾರ್. ಸಾಹೇಬರು ನೋಡಿ ಹೆಬ್ಬೆಟ್ಟು ಎತ್ಯಾರ. ಖುಷಿ ಆಗ್ಯಾರ್ರಿ. ತಮ್ಮ ಮ್ಯಾಲೆ ತಾವ ತಕರಾರು ಹಾಕ್ಕೊಂಡ ಮನಷ್ಯಾನ್ನ ಇದ ಮೊದಲ ನೋಡಿದ್ದು ಅಂತ ಬರದಾರ.

ದತ್ತಾತ್ರೇಯ: ಅದ ಬ್ಯಾರೆ. ದಾರಿ ಏನರ ಐತೇನು ಹೇಳು.

ಶರಣಕುಮಾರ: ಐತ್ರಿ. ನಾಳೆ ಆಫೀಸ್ ತೆರದಿರತೈತಿ. ಆ ಹೊಸಾ ಮೇಡಮ್ ಇರ್ತಾರ. ಹೋಗಿ ನಿಂತು ಹೆಸರು ಹೇಳ್ರಿ, ತಕ್ಷಣ ಮಾಡಿ ಕೊಡ್ತಾರ. ಭಾಳ ಛಲೋ ಹುಡುಗಿ.

ರಾಯರು ಫೋನು ಕೆಳಗಿಟ್ಟರು. ಶಾಮಲಾಬಾಯಿ ಕೈ ತಡೆದು ನಿಂತರು. ಸೂಟ್‌ಕೇಸಿನಲ್ಲಿ ಇನ್ನೂ ನಾಲ್ಕು ಅಂಗಿ ಹಿಡಿಸುವಷ್ಟು ಜಾಗವಿತ್ತು.

ಶಾಮಲಾ: ಕೇಳಿದ್ರಿಲ್ಲ? ನಾಳೆ ಮುಂಜಾನೆ ನಾನೂ ಜೋಡಿ ಬರ್ತೀನಿ. ನಿಮ್ಮ ಹೆಸರು ಒಂದು ಹೇಳಿಬಿಡ್ರಿ. ಸಂಜಿಗೆ ಈ ಅರಿವಿ ತಿರುಗಿ ಒಳಗ ಇಡ್ತೀನಿ.

ದತ್ತಾತ್ರೇಯ: ಅಕಿಗೆ?

ಶಾಮಲಾ: ಅಕಿಗೆ.

ದತ್ತಾತ್ರೇಯ: ಅಕಿ ಮುಂದ ನಿಂತು, ನಾ ಇಂಥಾಂವ ಅಂತ?

ಶಾಮಲಾ: ಹೂಂ. ಐದ ಅಕ್ಷರನೂ ಇಲ್ಲ ನಿಮ್ಮ ಹೆಸರು.

ರಾಯರು ಬಾಯಿ ತೆರೆದರು. ಹೆಸರು ನಾಲಿಗೆಯ ತುದಿಗೆ ಬಂತೋ ಏನೋ, ಅಲ್ಲಿಂದ ತಿರುಗಿ ಒಳಗೆ ಹೋಯಿತು. ಅವರು ಕುರ್ಚಿಯ ಮೇಲಿನ ಅಂಗಿಗಳಲ್ಲಿ ಒಂದನ್ನು ತೆಗೆದು, ಇಸ್ತ್ರಿ ಹಾಳಾಗಿಲ್ಲ ತಾನೇ ಎಂದು ಕಾಲರು ನೋಡಿದರು.

ದತ್ತಾತ್ರೇಯ: ಬುಧವಾರ ಶರಣಕುಮಾರ ಬರ್ತಾನ. ಅವನಿಗೆ ನನ್ನ ಗುರುತೈತಿ.

ಶಾಮಲಾಬಾಯಿ ಸೂಟ್‌ಕೇಸಿನ ಬಾಯಿ ಮುಚ್ಚಿ, ಮೇಲೆ ಮಂಡಿ ಊರಿ, ಜಿಪ್ಪು ಪೂರಾ ಎಳೆದರು.

ಶಾಮಲಾ: ಛಲೋ ಆತು. ನೀವು ಬದುಕೀರಿ ಅಂತ ಇಲ್ಲೇ ತೋರಿಸ್ಕೋತ ಕೂಡ್ರಿ. ನಾ ಹೋಗಿ ನಾಕು ತಿಂಗಳ ಬದುಕಿ ಬರ್ತೀನಿ.